ದುರ್ಗದ ಹಾಡು, ತೆಲುಗು ಕೊರಳು: ‘ನಾಗರಹಾವು’ ಮತ್ತು ‘ಕೋಡೆನಾಗು’ ಚಿತ್ರಗಳ ಗೀತೆ–ಗಾಯನ

ಕನ್ನಡ ಚಲನಚಿತ್ರಗೀತೆಗಳನ್ನು ಕುರಿತ ಬರವಣಿಗೆಯಲ್ಲಿ ಎರಡು ಬಗೆಗಳು ಪ್ರಧಾನವಾಗಿವೆ. ಒಂದು, ಗೀತರಚನಕಾರರ ಸಾಹಿತ್ಯಗುಣವನ್ನು ಎತ್ತಿ ತೋರುವ ವಿಮರ್ಶೆ. ಇನ್ನೊಂದು, ಗಾಯಕರ ಬದುಕು–ಸಾಧನೆಗಳ ಪರಿಚಯ. ಒಂದು ಹಾಡು ಒಂದು ಊರಿನೊಂದಿಗೆ ಹೇಗೆ ಬೆಸೆದುಕೊಳ್ಳುತ್ತದೆ, ಅದೇ ಕಥೆ ಬೇರೊಂದು ಭಾಷೆಗೆ ಹೋದಾಗ ಆ ಬೆಸುಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂಥ ಪ್ರಶ್ನೆಗಳಿಗೆ ಚಿತ್ರದುರ್ಗದಷ್ಟು ಒದಗಿಬರುವ ಸ್ಥಳ ಕರ್ನಾಟಕದಲ್ಲಿ ಮತ್ತೊಂದಿಲ್ಲ. 1972ರಲ್ಲಿ ತೆರೆಕಂಡ ‘ನಾಗರಹಾವು’ ಈ ಊರಿನ ಕಲ್ಲುಕೋಟೆಯನ್ನು ಹಾಡಿನ ಮೂಲಕ ನಾಡಿನ ಮನೆಮನೆಗೆ ತಲುಪಿಸಿತು. 1974ರಲ್ಲಿ ಅದೇ ಕಥೆ ‘ಕೋಡೆನಾಗು’ ಎಂಬ ಹೆಸರಿನಲ್ಲಿ ತೆಲುಗಿಗೆ ಹೋಯಿತು. ಈ ಎರಡು ಚಿತ್ರಗಳ ಗೀತೆಗಳನ್ನೂ ಗಾಯನವನ್ನೂ ಜೊತೆಯಾಗಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರದೇಶ ಮತ್ತು ಭಾಷೆ

ಚಿತ್ರದುರ್ಗ ಜಿಲ್ಲೆಯ ಭಾಷಾಭೂಗೋಳವನ್ನು ಮೊದಲಿಗೆ ಗಮನಿಸಬೇಕು. ಜಿಲ್ಲೆಯ ಪಶ್ಚಿಮದಲ್ಲಿರುವ ಹೊಳಲ್ಕೆರೆ ಮತ್ತು ಹೊಸದುರ್ಗ ತಾಲೂಕುಗಳು ಕನ್ನಡ ನಾಡಿನ ಒಳಮೈಗೆ ಮುಖಮಾಡಿವೆ. ಪೂರ್ವದ ಮೊಳಕಾಲ್ಮೂರು, ಚಳ್ಳಕೆರೆ ತಾಲೂಕುಗಳು ಹಾಗೂ ಹಿರಿಯೂರು ತಾಲೂಕಿನ ಧರ್ಮಪುರದ ಕಡೆಯ ಹಳ್ಳಿಗಳು ಆಂಧ್ರದ ಗಡಿಗೆ ತಾಗಿಕೊಂಡಿವೆ. ಈ ಭಾಗದ ಸಂತೆ, ಜಾತ್ರೆ, ನೆಂಟಸ್ತನಗಳಲ್ಲಿ ಕನ್ನಡ–ತೆಲುಗುಗಳೆರಡೂ ಬಹುಕಾಲದಿಂದ ಒಟ್ಟಿಗೆ ಬಾಳಿವೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಎಂಬುದು ಇಲ್ಲಿನ ಎಷ್ಟೋ ಕುಟುಂಬಗಳ ಸಹಜ ಸ್ಥಿತಿ. ತೆಲುಗು ಚಿತ್ರಗಳಿಗೂ ಇಲ್ಲಿ ಪ್ರೇಕ್ಷಕರುಂಟು.

ಹಾಡಿನ ವಿಷಯದಲ್ಲಿ ಈ ಸೀಮೆ ಬಡವಾದುದಲ್ಲ. ಹಿರಿಯೂರು, ಚಳ್ಳಕೆರೆ ತಾಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ ಮುಂತಾದ ಸಾಂಸ್ಕೃತಿಕ ವೀರರ ಕಾವ್ಯಗಳು ಕಂಠದಿಂದ ಕಂಠಕ್ಕೆ ಹರಿದುಬಂದಿವೆ. ಜುಂಜಪ್ಪನ ಕಥನದ ಜೊತೆಗೆ ಬರುವ ಗಣೆ ಎಂಬ ಉದ್ದನೆಯ ಕೊಳಲು ಜನಪದ ವಾದ್ಯಗಳಲ್ಲಿಯೇ ವಿಶಿಷ್ಟವಾದುದು. ಚಳ್ಳಕೆರೆ ತಾಲೂಕಿನ ಸಿರಿಯಜ್ಜಿಯವರ ನೆನಪಿನಲ್ಲಿದ್ದ ಹಾಡುಗಳ ಸಂಪತ್ತು ವಿದ್ವಾಂಸರನ್ನು ಬೆರಗುಗೊಳಿಸಿದೆ. ಹೊಳಲ್ಕೆರೆ, ಹೊಸದುರ್ಗಗಳ ಲಂಬಾಣಿ ತಾಂಡಾಗಳಿಗೆ ತಮ್ಮದೇ ಹಾಡು–ಕುಣಿತಗಳಿವೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ರಂಗಚಟುವಟಿಕೆಯು ವಚನಗಾಯನವನ್ನು ರಂಗಗೀತೆಯೊಂದಿಗೆ ಕೂಡಿಸಿದೆ. ಹೀಗಿದ್ದೂ ‘ದುರ್ಗದ ಹಾಡು’ ಎಂದೊಡನೆ ನಾಡಿನ ಬಹುಪಾಲು ಜನರ ನೆನಪಿಗೆ ಬರುವುದು ಚಲನಚಿತ್ರದ ಹಾಡು. ಇದು ಹೇಗಾಯಿತೆಂಬುದು ವಿಚಾರಾರ್ಹ.

ಕಾದಂಬರಿಯಿಂದ ತೆರೆಗೆ

ಚಿತ್ರದುರ್ಗವನ್ನು ಕನ್ನಡ ಚಿತ್ರರಂಗಕ್ಕೆ ಒದಗಿಸಿಕೊಟ್ಟವರು ಕಾದಂಬರಿಕಾರ ತ.ರಾ. ಸುಬ್ಬರಾವ್. 1920ರಲ್ಲಿ ಜನಿಸಿದ ತ.ರಾ.ಸು. ಅವರ ಮನೆತನ ಚಳ್ಳಕೆರೆ ತಾಲೂಕಿನ ತಳುಕಿನದು. ಪಾಳೆಯಗಾರರ ಇತಿಹಾಸವನ್ನು ಆಧರಿಸಿದ ಅವರ ಕಾದಂಬರಿಮಾಲೆ ‘ದುರ್ಗಾಸ್ತಮಾನ’ದಲ್ಲಿ ಮುಕ್ತಾಯಗೊಂಡಿತು, 1984ರಲ್ಲಿ ನಿಧನರಾದ ಅವರಿಗೆ ಆ ಕೃತಿಗಾಗಿ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. 1964ರ ‘ಚಂದವಳ್ಳಿಯ ತೋಟ’ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರ.

‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲ್ ಅವರು ‘ನಾಗರಹಾವು’ ಚಿತ್ರವನ್ನು ರೂಪಿಸಿದರು. ನಿರ್ಮಾಪಕರು ಎನ್. ವೀರಾಸ್ವಾಮಿ, ಛಾಯಾಗ್ರಾಹಕರು ಚಿಟ್ಟಿಬಾಬು, ಸಂಗೀತ ನಿರ್ದೇಶಕರು ವಿಜಯಭಾಸ್ಕರ್. ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವತ್ಥ್, ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಜಲೀಲನಾಗಿ ಅಂಬರೀಷ್, ಓಬವ್ವನಾಗಿ ಜಯಂತಿ ಅಭಿನಯಿಸಿದರು. ಚಿತ್ರದ ಬಗ್ಗೆ ಮೂಲ ಲೇಖಕರಿಗೆ ಅಸಮಾಧಾನವಿದ್ದುದು, ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂಬ ಅರ್ಥದ ಮಾತನ್ನು ಅವರು ಆಡಿದ್ದು ಸಾಹಿತ್ಯವಲಯದಲ್ಲಿ ಪ್ರಸಿದ್ಧವಾಗಿದೆ. ಕಾದಂಬರಿಯ ಮನೋವಿಶ್ಲೇಷಣೆ ಚಿತ್ರದಲ್ಲಿ ತೆಳುವಾಯಿತೆಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೆ ಕಾದಂಬರಿಯು ವಿವರಣೆಯಿಂದ ಹೇಳಿದ್ದನ್ನು ಚಿತ್ರವು ಎಷ್ಟರಮಟ್ಟಿಗೆ ಹಾಡಿನಿಂದ ಹೇಳಲೆತ್ನಿಸಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ವಿವಾದ ಇತ್ಯರ್ಥವಾಗುವುದಿಲ್ಲ.

ಒಬ್ಬ ನಾಯಕ, ಎರಡು ಕಂಠ

‘ನಾಗರಹಾವು’ ಚಿತ್ರದ ಗೀತೆಗಳನ್ನು ವಿಜಯನಾರಸಿಂಹ, ಚಿ. ಉದಯಶಂಕರ್ ಮತ್ತು ಆರ್.ಎನ್. ಜಯಗೋಪಾಲ್ ರಚಿಸಿದರು. ಹಾಡಿದವರು ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಪಿ. ಸುಶೀಲಾ. ಈ ಮೂವರೂ ತೆಲುಗು ನಾಡಿನಲ್ಲಿ ಹುಟ್ಟಿದವರೆಂಬುದು ಮೇಲ್ನೋಟಕ್ಕೆ ಆಕಸ್ಮಿಕವೆಂದು ತೋರಬಹುದು. ಪಿ.ಬಿ. ಶ್ರೀನಿವಾಸ್ 1930ರಲ್ಲಿ ಕಾಕಿನಾಡದಲ್ಲಿ, ಸುಶೀಲಾ 1935ರಲ್ಲಿ ವಿಜಯನಗರಂನಲ್ಲಿ, ಬಾಲಸುಬ್ರಹ್ಮಣ್ಯಂ 1946ರಲ್ಲಿ ಕೋನೇಟಂಪೇಟೆಯಲ್ಲಿ ಜನಿಸಿದರು. ಚಿತ್ರದುರ್ಗದ ಅಸ್ಮಿತೆಯೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡ ಹಾಡುಗಳ ನಾದಶರೀರವು ಹೀಗೆ ಸಂಪೂರ್ಣವಾಗಿ ತೆಲುಗು ಮೂಲದ ಕೊರಳುಗಳಿಂದ ನಿರ್ಮಾಣವಾಯಿತು.

ಇದಕ್ಕೆ ಕಾರಣಗಳಿವೆ. 1970ರ ದಶಕದ ಆರಂಭದಲ್ಲಿ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣವು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ದಕ್ಷಿಣದ ನಾಲ್ಕೂ ಭಾಷೆಗಳ ಗಾಯಕರೂ ವಾದ್ಯಗಾರರೂ ಅಲ್ಲಿ ನೆಲೆಸಿದ್ದರು. ಒಬ್ಬ ಗಾಯಕ ಹಲವು ಭಾಷೆಗಳಲ್ಲಿ ಹಾಡುವುದು ಅಲ್ಲಿನ ವೃತ್ತಿಕ್ರಮವಾಗಿತ್ತು. ಇದಕ್ಕೆ ಭಾಷಿಕ ಅನುಕೂಲವೂ ಸೇರಿಕೊಂಡಿತು. ಕನ್ನಡ ಮತ್ತು ತೆಲುಗಿನ ಪದಗಳು ಸಾಮಾನ್ಯವಾಗಿ ಸ್ವರಾಂತವಾಗುತ್ತವೆ. ಸಾಲಿನ ಕೊನೆಯಲ್ಲಿ ಸ್ವರವನ್ನು ಎಳೆದು ನಿಲ್ಲಿಸಲು ಗಾಯಕನಿಗೆ ಎರಡೂ ಭಾಷೆಗಳು ಸಮಾನವಾದ ಅವಕಾಶ ನೀಡುತ್ತವೆ. ಹ್ರಸ್ವ–ದೀರ್ಘಗಳ ಲೆಕ್ಕ, ಮಹಾಪ್ರಾಣಗಳ ಬಳಕೆ, ಸಂಸ್ಕೃತ ತತ್ಸಮಗಳ ಸಂಪತ್ತು ಇವೆರಡಕ್ಕೂ ಹೆಚ್ಚುಕಡಿಮೆ ಒಂದೇ. ಆದುದರಿಂದ ತೆಲುಗು ಮನೆಮಾತಿನ ಗಾಯಕನಿಗೆ ಕನ್ನಡದ ಉಚ್ಚಾರಣೆ ಅಭ್ಯಾಸದಿಂದ ಸಾಧ್ಯವಾಗುವಂಥದು, ಪಿ.ಬಿ. ಶ್ರೀನಿವಾಸ್ ಅವರು ಅಭ್ಯಾಸದಾಚೆಗೂ ಹೋಗಿ ಕನ್ನಡವನ್ನು ತಮ್ಮದಾಗಿಸಿಕೊಂಡರು.

ಗಾಯನದ ಹಂಚಿಕೆಯಲ್ಲಿ ಇನ್ನೂ ಸೂಕ್ಷ್ಮವಾದ ಅಂಶವೊಂದಿದೆ. ಆ ಕಾಲದ ಕನ್ನಡ ಚಿತ್ರರಂಗದಲ್ಲಿ ನಾಯಕನಟನಿಗೆ ಒಂದು ನಿಶ್ಚಿತ ಕಂಠವಿರುವುದು ರೂಢಿ. ರಾಜಕುಮಾರ್ ಅವರ ತೆರೆಯ ಕಂಠವೆಂದರೆ ಆಗ ಪಿ.ಬಿ. ಶ್ರೀನಿವಾಸ್. ಆದರೆ ನಾಯಕನಾಗಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಿದ್ದ ವಿಷ್ಣುವರ್ಧನ್ ಅವರಿಗೆ ಅಂಥ ನಿಶ್ಚಿತ ಕಂಠವಿರಲಿಲ್ಲ. ವಿಜಯನಾರಸಿಂಹ ಅವರ ‘ಬಾರೆ ಬಾರೆ’ ಗೀತೆಯಲ್ಲಿ ರಾಮಾಚಾರಿಗೆ ಪಿ.ಬಿ. ಶ್ರೀನಿವಾಸರ ಮೃದುಕಂಠ ದೊರೆಯಿತು. ಅವರದೇ ‘ಹಾವಿನ ದ್ವೇಷ’ ಗೀತೆಯಲ್ಲಿ ಬಾಲಸುಬ್ರಹ್ಮಣ್ಯಂ ಅವರ ತಾರುಣ್ಯದ, ಏರುದನಿಯ ಕಂಠ ಬಂದಿತು. ಅಂದರೆ ಒಂದೇ ಚಿತ್ರದಲ್ಲಿ ಒಬ್ಬ ನಾಯಕನಿಗೆ ಎರಡು ದನಿಗಳು. ಕಥೆಯ ರಾಮಾಚಾರಿಯೂ ಇಬ್ಬಗೆಯ ಮನುಷ್ಯನೇ. ಮೇಷ್ಟರ ಮಾತಿಗೆ ಮಣಿಯುವ, ಪ್ರೀತಿಗೆ ಕರಗುವ ಹುಡುಗ ಒಂದೆಡೆ; ಅವಮಾನವನ್ನು ಮರೆಯದ ಹಠಮಾರಿ ಇನ್ನೊಂದೆಡೆ. ಎರಡು ಕಂಠಗಳ ಬಳಕೆಯು ಉದ್ದೇಶಪೂರ್ವಕವಾಗಿರಲಿ ಇಲ್ಲದಿರಲಿ, ಕೇಳುಗನ ಕಿವಿಯಲ್ಲಿ ಈ ಇಬ್ಬಗೆಯನ್ನು ಅದು ಸ್ಥಾಪಿಸಿತು. ಮುಂದೆ ಬಾಲಸುಬ್ರಹ್ಮಣ್ಯಂ ಅವರೇ ವಿಷ್ಣುವರ್ಧನ್ ಅವರ ಹಾಡಿನ ದನಿಯಾಗಿ ದೀರ್ಘಕಾಲ ಉಳಿದುದನ್ನು ನೋಡಿದರೆ, ಪ್ರೇಕ್ಷಕರು ಯಾವ ರಾಮಾಚಾರಿಯನ್ನು ಹೆಚ್ಚಾಗಿ ಒಪ್ಪಿಕೊಂಡರೆಂಬುದು ತಿಳಿಯುತ್ತದೆ.

ಚಿತ್ರೀಕರಣವೂ ಗಾಯನದ ಗತಿಯೊಂದಿಗೆ ಬೆರೆತಿದೆ. ‘ಬಾರೆ ಬಾರೆ’ ಗೀತೆಯನ್ನು ಕೋಟೆಯ ಪರಿಸರದಲ್ಲಿ ನಿಧಾನಗತಿಯ ದೃಶ್ಯಗಳಲ್ಲಿ ಚಿತ್ರೀಕರಿಸಲಾಯಿತು. ಕನ್ನಡದ ಮಟ್ಟಿಗೆ ಅದು ಹೊಸ ಪ್ರಯೋಗವಾಗಿತ್ತು. ಚಲನೆ ನಿಧಾನಗೊಂಡಾಗ ಪ್ರೇಕ್ಷಕನ ಕಣ್ಣು ಪಾತ್ರವನ್ನು ದಾಟಿ ಹಿಂದಿನ ಬಂಡೆ, ಬುರುಜು, ಆಕಾಶಗಳನ್ನು ಕಾಣತೊಡಗುತ್ತದೆ. ಬಂಡೆಯ ಗಡಸುತನ ಮತ್ತು ಕಂಠದ ಮೃದುತ್ವ ಎದುರುಬದುರಾಗಿ ನಿಲ್ಲುತ್ತವೆ. ‘ಹಾವಿನ ದ್ವೇಷ’ದಲ್ಲಿಯಾದರೋ ಬಂಡೆಯೂ ಕಂಠವೂ ಒಂದೇ ಗುಣವನ್ನು ಹೇಳುತ್ತವೆ.

ಓಬವ್ವನ ಹಾಡು

ಈ ಚಿತ್ರದ ಗೀತೆಗಳಲ್ಲಿ ಸಾಂಸ್ಕೃತಿಕವಾಗಿ ಅತ್ಯಂತ ದೂರ ಸಾಗಿದ್ದು ಪಿ.ಬಿ. ಶ್ರೀನಿವಾಸ್ ಹಾಡಿದ ಓಬವ್ವನ ಗೀತೆ. ಹೈದರಾಲಿಯ ಮುತ್ತಿಗೆಯ ಸಂದರ್ಭದಲ್ಲಿ ಕೋಟೆಯ ಕಿಂಡಿಯಿಂದ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಕಾವಲುಗಾರನ ಮಡದಿಯ ಕಥೆ ದುರ್ಗದ ಜನರ ನೆನಪಿನಲ್ಲಿ ಮೊದಲಿನಿಂದಲೂ ಇದ್ದುದೇ. 1779ರಲ್ಲಿ ದುರ್ಗ ಹೈದರನ ವಶವಾಯಿತು. ಆ ಸೋಲಿನ ಇತಿಹಾಸದೊಳಗಿನ ಒಂದು ಗೆಲುವಾಗಿ ಓಬವ್ವನ ಪ್ರಸಂಗವನ್ನು ಸ್ಥಳೀಯರು ಕಾಪಾಡಿಕೊಂಡು ಬಂದಿದ್ದರು. ಮದಕರಿನಾಯಕನ ಪತನವನ್ನು ಚಿತ್ರಿಸುವ ‘ದುರ್ಗಾಸ್ತಮಾನ’ ಪ್ರಕಟವಾದದ್ದು 1982ರಲ್ಲಿ. ಚಲನಚಿತ್ರದ ಹಾಡು ಅದಕ್ಕಿಂತ ಹತ್ತು ವರ್ಷ ಹಿಂದಿನದು.

ರಚನೆಯ ದೃಷ್ಟಿಯಿಂದ ಇದೊಂದು ಕಥನಗೀತೆ. ನಾಯಕನ ಭಾವವನ್ನು ಹೇಳುವ ಹಾಡಲ್ಲ. ನಿರೂಪಕನೊಬ್ಬನು ನಡೆದುದನ್ನು ಕ್ರಮವಾಗಿ ಹೇಳುತ್ತ ಹೋಗುವ ಬಗೆ. ಲಾವಣಿ, ಗೀಗೀಪದಗಳನ್ನು ಕೇಳಿ ಬೆಳೆದ ಜನರಿಗೆ ಈ ಬಗೆ ಹೊಸದಾಗಿರಲಿಲ್ಲ. ಗಾಯಕನು ವೀರರಸಕ್ಕೆ ಸಹಜವೆನಿಸುವ ಆರ್ಭಟವನ್ನು ಆಶ್ರಯಿಸದೆ, ಮಾತು ಸ್ಪಷ್ಟವಾಗಿ ಕೇಳುವಂತೆ ಹಾಡಿರುವುದು ಇಲ್ಲಿನ ವಿಶೇಷ. ಪದವು ಮುಚ್ಚಿಹೋಗದ ಕಾರಣ ಕಥೆ ನೆನಪಿನಲ್ಲಿ ಉಳಿಯಿತು. ಶಾಲೆಯ ಮಕ್ಕಳು ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ರೂಪಕವಾಗಿ ಆಡಲು ಅನುಕೂಲವಾಯಿತು. ಕರ್ನಾಟಕ ಸರ್ಕಾರವು 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಒಂದು ಜಿಲ್ಲೆಯ ಸ್ಥಳಪುರಾಣವು ನಾಡಿನ ಸಾಮಾನ್ಯ ಸ್ಮೃತಿಯಾಗಿ ಬೆಳೆದ ಈ ದಾರಿಯಲ್ಲಿ ಹಾಡಿನ ಪಾತ್ರ ಚಿಕ್ಕದಲ್ಲ.

ಈ ಯಶಸ್ಸಿಗೆ ಇನ್ನೊಂದು ಮಗ್ಗುಲೂ ಇದೆ. ಕಾಡುಗೊಲ್ಲರ ಗಣೆಯಾಗಲಿ, ಹಟ್ಟಿಗಳ ಕಥನಗೀತಗಳ ಮಟ್ಟಾಗಲಿ ದುರ್ಗದ ಈ ಚಿತ್ರದ ಸಂಗೀತಕ್ಕೆ ಆಧಾರವಾಗಲಿಲ್ಲ. ಮದರಾಸಿನ ವಾದ್ಯವೃಂದದ ಸಾಮಾನ್ಯ ನಾದಭಾಷೆಯಲ್ಲಿಯೇ ದುರ್ಗದ ಕಥೆ ಹಾಡಾಯಿತು. ಪ್ರದೇಶವು ದೃಶ್ಯದಲ್ಲಿಯೂ ಸಾಹಿತ್ಯದಲ್ಲಿಯೂ ಬಂದಷ್ಟು ನಾದದಲ್ಲಿ ಬರಲಿಲ್ಲ. ಬಹುಶಃ ಇದೇ ಕಾರಣದಿಂದ ಆ ಹಾಡುಗಳು ಮಂಡ್ಯ, ಬೆಳಗಾವಿ, ಮಂಗಳೂರುಗಳಲ್ಲಿಯೂ ಅಷ್ಟೇ ಸಲೀಸಾಗಿ ಸ್ವೀಕೃತವಾದವು.

ತೆಲುಗಿನ ‘ಕೋಡೆನಾಗು’

‘ನಾಗರಹಾವು’ 1974ರಲ್ಲಿ ಮೂರು ಭಾಷೆಗಳಿಗೆ ಹೋಯಿತು. ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ಪುಟ್ಟಣ್ಣನವರೇ ನಿರ್ದೇಶಿಸಿದರು, ಆರ್.ಡಿ. ಬರ್ಮನ್ ಸಂಗೀತದಲ್ಲಿ ಕಿಶೋರ್ ಕುಮಾರ್ ಹಾಡಿದ ‘ಓ ಹಂಸಿನಿ’ ಚಿತ್ರಕ್ಕಿಂತ ಹೆಚ್ಚು ಬಾಳಿತು. ತಮಿಳಿನಲ್ಲಿ ಅದು ‘ರಾಜನಾಗಂ’ ಆಯಿತು. ತೆಲುಗಿನ ‘ಕೋಡೆನಾಗು’ ಚಿತ್ರವನ್ನು ಕೆ.ಎಸ್. ಪ್ರಕಾಶರಾವ್ ನಿರ್ದೇಶಿಸಿದರು. ಶೋಭನ್ ಬಾಬು ನಾಯಕನಟ. ‘ಜಗದೇಕವೀರುನಿ ಕಥ’ದಂಥ ಚಿತ್ರಗಳ ಸಂಗೀತಕ್ಕೆ ಹೆಸರಾದ ಪೆಂಡ್ಯಾಲ ನಾಗೇಶ್ವರರಾವ್ ಇದರ ಸಂಗೀತ ನಿರ್ದೇಶಕರು. ಚಾಮಯ್ಯ ಮೇಷ್ಟರಿಗೆ ಸಮಾನವಾದ ಗುರುವಿನ ಪಾತ್ರವನ್ನು ವಹಿಸಿದವರು ಪ್ರಸಿದ್ಧ ಗೀತರಚನಕಾರ ಆಚಾರ್ಯ ಆತ್ರೇಯ ಎಂಬುದು ಈ ಚಿತ್ರದ ಒಂದು ವೈಶಿಷ್ಟ್ಯ.

ಶೀರ್ಷಿಕೆಯಿಂದಲೇ ಹೋಲಿಕೆ ಆರಂಭವಾಗುತ್ತದೆ. ತೆಲುಗಿನ ‘ಕೋಡೆ’ ಎಂಬ ಪದಕ್ಕೆ ಏರುಪ್ರಾಯದ, ಸೊಕ್ಕಿನ ಎಂಬ ಧ್ವನಿಯಿದೆ. ಕನ್ನಡದ ಶೀರ್ಷಿಕೆ ಹಾವಿನ ಜಾತಿಯನ್ನು ಹೇಳಿದರೆ, ತೆಲುಗಿನದು ಅದರ ಪ್ರಾಯವನ್ನು ಹೇಳುತ್ತದೆ. ಹಾವು ಹನ್ನೆರಡು ವರುಷ ಹಗೆ ಸಾಧಿಸುತ್ತದೆಂಬ ನಂಬಿಕೆ ಎರಡೂ ಜನಪದಗಳಿಗೆ ಸಮಾನ. ಅಷ್ಟೇ ಅಲ್ಲ, ಆ ನಂಬಿಕೆಯನ್ನು ಹೇಳುವ ಮಾತುಗಳೂ ಒಂದೇ ಬೇರಿನವು. ಹಳಗನ್ನಡದ ‘ಪಾವು’, ‘ಪಗೆ’ ಎಂಬ ರೂಪಗಳು ಪಕಾರ ಹಕಾರವಾಗಿ ಹೊಸಗನ್ನಡದಲ್ಲಿ ‘ಹಾವು’, ‘ಹಗೆ’ ಆದವು. ತೆಲುಗಿನಲ್ಲಿ ‘ಪಾಮು’, ‘ಪಗ’ ಎಂದು ಪಕಾರವೇ ಉಳಿಯಿತು. ಆದುದರಿಂದ ಕಥೆಯ ಮೂಲ ಪ್ರತಿಮೆ ಯಾವ ಆಯಾಸವೂ ಇಲ್ಲದೆ ಗಡಿ ದಾಟಿತು.

ಹಾಗೆಯೇ ದಾಟಿದ ಇನ್ನೊಂದು ಪ್ರತಿಮೆ ‘ಸಂಗಮ’. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ಸುಶೀಲಾ ಹಾಡಿದ ಈ ಯುಗಳಗೀತೆಗೆ ತೆಲುಗಿನಲ್ಲಿ ಸಂವಾದಿಯಾದುದು ಘಂಟಸಾಲ ಮತ್ತು ಸುಶೀಲಾ ಹಾಡಿದ ‘ಸಂಗಮಂ’. ಕೇಂದ್ರಪದ ತತ್ಸಮವಾದುದರಿಂದ ತೆಲುಗಿಗೆ ಬೇಕಾದದ್ದು ಒಂದು ಅನುಸ್ವಾರ ಮಾತ್ರ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಹೆಣ್ಣಿನ ಹಾಡು ಕೂಡ ಎರಡೂ ಚಿತ್ರಗಳಲ್ಲಿದೆ. ಎರಡನ್ನೂ ಹಾಡಿದವರು ಸುಶೀಲಾ. ಹೀಗೆ ಗಂಡುದನಿ ಭಾಷೆಯೊಂದಿಗೆ ಬದಲಾಯಿತು, ಹೆಣ್ಣುದನಿ ಬದಲಾಗಲಿಲ್ಲ. ಕನ್ನಡದ ಪ್ರೇಕ್ಷಕರು ಅಲಮೇಲುವಿನ ದುಃಖವೆಂದು ಕೇಳಿದ ಕಂಠವನ್ನೇ ತೆಲುಗು ಪ್ರೇಕ್ಷಕರೂ ಕೇಳಿದರು. ಹಿರಿಯೂರು, ಚಳ್ಳಕೆರೆಗಳ ಕಡೆಯ ಎರಡು ಭಾಷೆ ಬಲ್ಲ ಕೇಳುಗನಿಗೆ ಈ ಎರಡು ಹಾಡುಗಳು ಬೇರೆ ಹಾಡುಗಳೆನಿಸಿದರೂ ಬೇರೆ ಹೆಣ್ಣುಗಳೆನಿಸುವುದು ಕಷ್ಟ.

ದಾಟಲಾಗದೆ ಉಳಿದದ್ದು ಓಬವ್ವನ ಹಾಡು. ಪ್ರೀತಿ, ದ್ವೇಷ, ದುಃಖಗಳಿಗೆ ಅನುವಾದವಿದೆ, ಊರಿಗೆ ಅನುವಾದವಿಲ್ಲ. ಕೋಟೆಯನ್ನು ಕುರಿತ ವೀರಗೀತೆಯಾಗಿ ತೆಲುಗಿನಲ್ಲಿ ಬಂದದ್ದು ಘಂಟಸಾಲ ಹಾಡಿದ ಚಂದ್ರಗಿರಿಯ ಹಾಡು. ತಿರುಪತಿಗೆ ಸಮೀಪದ ಚಂದ್ರಗಿರಿಯು ವಿಜಯನಗರದ ಅರವೀಡು ಅರಸರ ಕಾಲದಲ್ಲಿ ರಾಜಧಾನಿಯಾಗಿದ್ದ ದುರ್ಗ. ಅಲ್ಲಿನ ರಾಜಮಹಲು ಇಂದಿಗೂ ನಿಂತಿದೆ. ತೆಲುಗು ಚಿತ್ರವು ದುರ್ಗಕ್ಕೆ ಬದಲಾಗಿ ಈ ಗಿರಿಯನ್ನೂ, ಒಬ್ಬ ಸಾಮಾನ್ಯ ಹೆಂಗಸಿನ ಸಾಹಸಕ್ಕೆ ಬದಲಾಗಿ ತೆಲುಗು ನಾಡಿನ ಶೌರ್ಯಪರಂಪರೆಯ ಸ್ತುತಿಯನ್ನೂ ಇರಿಸಿಕೊಂಡಿತು. ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಬೇಕು. ಕನ್ನಡದ ಹಾಡು ಒಂದು ಘಟನೆಯನ್ನು ಹೇಳುತ್ತದೆ, ತೆಲುಗಿನದು ಒಂದು ಸ್ಥಳವನ್ನು ಕೊಂಡಾಡುತ್ತದೆ. ಓಬವ್ವನ ಹಾಡಿನಲ್ಲಿ ವೀರಳಾದವಳು ರಾಣಿಯಲ್ಲ, ಕಾವಲುಗಾರನ ಹೆಂಡತಿ; ಆಯುಧ ಕತ್ತಿಯಲ್ಲ, ಭತ್ತ ಕುಟ್ಟುವ ಒನಕೆ. ಆ ಗೃಹಕೃತ್ಯದ ವಸ್ತುವೇ ಹಾಡಿನ ಜೀವ. ರಾಜವೈಭವದ ಕೋಟೆಗೆ ಹೋದಾಗ ಒನಕೆಗೆ ಅಲ್ಲಿ ಸ್ಥಳವಿರಲಿಲ್ಲ.

ಘಂಟಸಾಲ ವೆಂಕಟೇಶ್ವರರಾವ್ ಅವರು 1974ರ ಫೆಬ್ರುವರಿ 11ರಂದು ತೀರಿಕೊಂಡರು. ‘ಕೋಡೆನಾಗು’ ಚಿತ್ರದ ಗೀತೆಗಳು ಅವರ ಗಾಯನಜೀವನದ ಕೊನೆಯ ಘಟ್ಟಕ್ಕೆ ಸೇರಿದವು. ಪದ್ಯಪಠನದ ಗಾಂಭೀರ್ಯವನ್ನು ಚಿತ್ರಗೀತೆಗೆ ತಂದ ಆ ಕಂಠ ಚಂದ್ರಗಿರಿಯ ಹಾಡಿಗೆ ಸ್ತೋತ್ರದ ಗುಣ ಕೊಟ್ಟಿತು. ಕನ್ನಡದಲ್ಲಿ ಎರಡು ಕಂಠಗಳ ನಡುವೆ ಹಂಚಿಹೋಗಿದ್ದ ನಾಯಕನಿಗೆ ತೆಲುಗಿನಲ್ಲಿ ಈ ಹಿರಿಯ ಕಂಠದ ಘನತೆ ಒದಗಿತು. ತಾರುಣ್ಯದ ಸೊಕ್ಕನ್ನು ಹೆಸರಿನಲ್ಲಿಯೇ ಹೊತ್ತ ಚಿತ್ರಕ್ಕೆ ಮಾಗಿದ ದನಿ ದೊರೆತದ್ದು ಕಾಲದ ವೈಚಿತ್ರ್ಯ.

ಮತ್ತೊಂದು ನಿದರ್ಶನ: ‘ಹಂಸಗೀತೆ’

ದುರ್ಗದ ಕಥೆ ತೆಲುಗು ಕಂಠದಲ್ಲಿ ನೆಲೆಗೊಂಡ ಇನ್ನೊಂದು ನಿದರ್ಶನ ‘ಹಂಸಗೀತೆ’. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತ ತ.ರಾ.ಸು. ಅವರ ಈ ಕಾದಂಬರಿಯನ್ನು ಆಧರಿಸಿ 1956ರಲ್ಲಿಯೇ ಹಿಂದಿಯ ‘ಬಸಂತ್ ಬಹಾರ್’ ಬಂದಿತ್ತು. ಕನ್ನಡದಲ್ಲಿ ಅದು ಜಿ.ವಿ. ಅಯ್ಯರ್ ಅವರ ನಿರ್ದೇಶನದಲ್ಲಿ 1975ರಲ್ಲಿ ಚಿತ್ರವಾಯಿತು. ಅನಂತನಾಗ್ ಮುಖ್ಯಪಾತ್ರ ವಹಿಸಿದರು. ಗೋದಾವರಿ ಸೀಮೆಯಲ್ಲಿ ಹುಟ್ಟಿದ ಎಂ. ಬಾಲಮುರಳಿಕೃಷ್ಣ ಅವರಿಗೆ ಈ ಚಿತ್ರದ ಗಾಯನಕ್ಕಾಗಿ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ದೊರೆಯಿತು. ಕರ್ನಾಟಕ ಸಂಗೀತದ ಕೃತಿಸಾಹಿತ್ಯದಲ್ಲಿ ತೆಲುಗಿಗಿರುವ ಸ್ಥಾನವನ್ನು ನೆನೆದರೆ, ದುರ್ಗದ ಆಸ್ಥಾನಗಾಯಕನಿಗೆ ತೆಲುಗು ನಾಡಿನ ಕಂಠ ಒದಗಿದ್ದರಲ್ಲಿ ಅಸಹಜವಾದುದೇನೂ ಇಲ್ಲ.

ಉಪಸಂಹಾರ

ಮೇಲಿನ ಹೋಲಿಕೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಚಿತ್ರಗೀತೆಯಲ್ಲಿ ಕಂಠವು ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತದೆ. ಸಮಾನ ಪದಸಂಪತ್ತುಳ್ಳ ಪ್ರತಿಮೆಗಳೂ ದಾಟುತ್ತವೆ. ಸ್ಥಳದ ಸ್ಮೃತಿ ದಾಟದು. ದಾಟದ ಭಾಗವೇ ಹಾಡಿನ ನಿಜವಾದ ಊರನ್ನು ಹೇಳುತ್ತದೆ. ಆದರೆ ಆ ಊರಿನ ಹಾಡನ್ನು ಹಾಡಿದವರು ಅದೇ ಊರಿನವರೋ ಅದೇ ಮನೆಮಾತಿನವರೋ ಆಗಿರಬೇಕೆಂಬ ನಿಯಮವಿಲ್ಲ. ಚಿತ್ರದುರ್ಗದ ಅಭಿಮಾನಗೀತೆಯನ್ನು ಕಾಕಿನಾಡದ ಮಗನೊಬ್ಬನ ಕಂಠದಲ್ಲಿ ಕೇಳಿ ಕನ್ನಡಿಗರು ಅದನ್ನು ತಮ್ಮದೆಂದುಕೊಂಡರು. ಗಡಿಜಿಲ್ಲೆಗಳ ಭಾಷಾವಿವಾದಗಳ ನಡುವೆ ಈ ಸಂಗತಿ ನೆನಪಿನಲ್ಲಿಡಬೇಕಾದುದು.

ಇಂಥ ಅಧ್ಯಯನಕ್ಕೆ ಬೇಕಾದ ಆಕರಗಳ ಸ್ಥಿತಿ ಮಾತ್ರ ನೆಮ್ಮದಿ ತರುವಂಥದಲ್ಲ. 2018ರಲ್ಲಿ ‘ನಾಗರಹಾವು’ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾಗಿ ಹೊಸ ತಲೆಮಾರಿಗೆ ದೊರೆಯಿತು. ಆದರೆ ಚಿತ್ರಮಂದಿರಗಳ ಮುಂದೆ ಕೆಲವು ಪೈಸೆಗಳಿಗೆ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಕಗಳು, ಗೀತರಚನಕಾರರ ಮತ್ತು ಗಾಯಕರ ಹೆಸರುಗಳನ್ನು ಹೊತ್ತ ಧ್ವನಿತಟ್ಟೆಗಳ ಹೊದಿಕೆಗಳು, ಊರೂರಿನ ಟೂರಿಂಗ್ ಟಾಕೀಸುಗಳ ಕರಪತ್ರಗಳು ಗ್ರಂಥಾಲಯಗಳ ಕಪಾಟಿಗೆ ಬಂದದ್ದು ವಿರಳ. ಯಾವ ಹಾಡನ್ನು ಯಾರು ಬರೆದರು, ಯಾರು ಹಾಡಿದರು ಎಂಬ ಪ್ರಾಥಮಿಕ ವಿವರಕ್ಕೂ ಅಂಥ ಕಾಗದಗಳೇ ಮೊದಲ ಸಾಕ್ಷಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳ ಅಟ್ಟದಲ್ಲಿ ಉಳಿದಿರಬಹುದಾದ ಇಂಥ ಪುಸ್ತಿಕೆಗಳನ್ನು ಕನ್ನಡ, ತೆಲುಗು ಎಂಬ ಭೇದವಿಲ್ಲದೆ ಸಂಗ್ರಹಿಸುವ ಕಾರ್ಯ ಜಿಲ್ಲೆಯ ಗ್ರಂಥಾಲಯಗಳಿಂದ ಆಗಬೇಕಾಗಿದೆ. ಅವುಗಳನ್ನು ಕೊಂಡು ಹಾಡುಗಳನ್ನು ಬಾಯಿಪಾಠ ಮಾಡಿದ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಕೆಲಸ ನಡೆದರೆ, ಕಾಗದದ ಜೊತೆಗೆ ನೆನಪೂ ದಾಖಲಾಗುತ್ತದೆ.